ಜೇಡರ ಬಲೆ ಕಟ್ಟಿದ ಕಾಣಿಕೆ ಪೆಟ್ಟಿಗೆ



ಈ ತಪಸ್ಸುಕಾಲಕ್ಕೆಂದು ನಮ್ಮ ಯುವಜನ ಸಂಘ ಚರ್ಚ್ ಹಾಲಿನ ನೋಟಿಸ್ ಬೋರ್ಡಿನಲ್ಲಿ ನಾಲ್ಕು ಹಳೆಯ ಚಿತ್ರಗಳ ನಕಲು ಅಂಟಿಸಿದ್ದು ನಿಮಗೆಲ್ಲ ಗೊತ್ತು. ಎರಡನೇ ಭಾನುವಾರ ಪೂಜೆ ಮುಗಿಯುವಷ್ಟರಲ್ಲಿ "ಅದನ್ನು ತೆಗೆದುಬಿಡಿ" ಎಂಬ ಮಾತು ಬಂತು. ಹೇಳಿದವರು ಹೊರಗಿನವರಲ್ಲ. ನಮ್ಮನ್ನು ಎತ್ತಿ ಆಡಿಸಿದ, ನಮಗೆ ಜಪ ಕಲಿಸಿದ ದೊಡ್ಡಪ್ಪ ಚಿಕ್ಕಮ್ಮಂದಿರೇ. ಅವರ ಮೇಲೆ ಗೌರವ ಇರುವುದರಿಂದಲೇ ಹಿಂದಿನಿಂದ ಮಾತಾಡದೆ ಇಲ್ಲಿ ನೇರವಾಗಿ ಉತ್ತರ ಬರೆಯುತ್ತಿದ್ದೇವೆ.

ದೂರುಗಳು ಮೂರು. ಒಂದು: ಇಂಥ ಅಸಹ್ಯ ಚಿತ್ರ ದೇವಾಲಯದ ಆವರಣದಲ್ಲಿ ಇರಬಾರದು. ಎರಡು: ಬಿದ್ದವರನ್ನು ನೋಡಿ ನಗುವುದು ಕ್ರೈಸ್ತರ ಲಕ್ಷಣವಲ್ಲ. ಮೂರು: ನಮ್ಮ ದುಡ್ಡು, ನಮ್ಮ ಮನೆ ಸಮಾರಂಭ, ಕೇಳಲು ನೀವು ಯಾರು?

ಮೂರನೆಯದನ್ನು ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಆದರೆ ನಿಜವಾದ ದೂರು ಅದೇ ಎಂದು ನಮಗೆ ಗೊತ್ತು, ನಿಮಗೂ ಗೊತ್ತು.

ಮೊದಲು ಎಲ್ಲರಿಗೂ ಸಿಟ್ಟು ತರಿಸಿದ ಚಿತ್ರವನ್ನೇ ನೋಡೋಣ. ಅದರ ಹೆಸರು 'ಜಿನ್ ಲೇನ್', ಅಂದರೆ ಜಿನ್ ಓಣಿ. ಬರೆದವನು ವಿಲಿಯಂ ಹೋಗಾರ್ತ್, 1697ರಲ್ಲಿ ಲಂಡನ್‌ನಲ್ಲಿ ಹುಟ್ಟಿದ ಕಲಾವಿದ. ಅಚ್ಚಾಗಿದ್ದು 1751ರಲ್ಲಿ. ಮೆಟ್ಟಿಲ ಮೇಲೆ ಒಬ್ಬ ತಾಯಿ ಅಮಲಿನಲ್ಲಿ ನಗುತ್ತಾ ಕೂತಿದ್ದಾಳೆ, ಅವಳ ಕಾಲ ತುಂಬ ಹುಣ್ಣು. ನಶ್ಯ ತೆಗೆಯಲು ಹೋದ ಕೈಯಿಂದ ಮಗು ಜಾರಿ ತಲೆಕೆಳಗಾಗಿ ಬೀಳುತ್ತಿದೆ, ಅವಳಿಗೆ ಅರಿವೇ ಇಲ್ಲ. ಪಕ್ಕದಲ್ಲಿ ಒಬ್ಬ ಮನುಷ್ಯ ನಾಯಿಯ ಜೊತೆ ಒಂದೇ ಮೂಳೆ ಕಡಿಯುತ್ತಿದ್ದಾನೆ. ಮುರಿದ ಮನೆಯೊಳಗೆ ಒಬ್ಬ ಕ್ಷೌರಿಕ ನೇಣು ಹಾಕಿಕೊಂಡಿದ್ದಾನೆ. ಹಿಂದೆ ಒಂದು ಹೆಣವನ್ನು ಪೆಟ್ಟಿಗೆಗೆ ಇಳಿಸುತ್ತಿದ್ದಾರೆ.

ಹೌದು, ಅಸಹ್ಯವೇ. ಆದರೆ ಆ ಅಸಹ್ಯ ಹೋಗಾರ್ತ್‌ನ ತಲೆಯಲ್ಲಿ ಹುಟ್ಟಿದ್ದಲ್ಲ. 1734ರಲ್ಲಿ ಲಂಡನ್‌ನಲ್ಲಿ ಜೂಡಿತ್ ಡೆಫೂರ್ ಎಂಬ ಹೆಂಗಸು ಅನಾಥಾಲಯದಂಥ ಸರ್ಕಾರಿ ಆಸರೆಯಲ್ಲಿದ್ದ ತನ್ನ ಎರಡು ವರ್ಷದ ಮಗುವನ್ನು ಕರೆದುಕೊಂಡು ಹೋಗಿ ಕೊಂದಳು. ಮಗುವಿಗೆ ಅಲ್ಲಿ ಹೊಸ ಬಟ್ಟೆ ತೊಡಿಸಿದ್ದರು. ಆ ಬಟ್ಟೆ ಮಾರಿ ಬಂದ ಕಾಸಿಗೆ ಜಿನ್ ಕುಡಿದಳು. ಅವಳನ್ನು ಗಲ್ಲಿಗೆ ಹಾಕಿದರು. ಆ ಬೀದಿಗಳಲ್ಲಿ ನಡೆಯುತ್ತಿದ್ದುದನ್ನು ಹೋಗಾರ್ತ್ ಬರೆದ. ಬರೆಯಬಾರದಿತ್ತು ಎನ್ನುವವರು ನಮ್ಮ ದೇವಾಲಯದ ಗೋಡೆಯ ಹದಿನಾಲ್ಕು ಶಿಲುಬೆಯ ಹಾದಿಯ ಚಿತ್ರಗಳನ್ನು ಒಮ್ಮೆ ನೆನೆಯಬೇಕು. ಅಲ್ಲೂ ರಕ್ತ ಇದೆ, ಚಾವಟಿ ಇದೆ, ಬಟ್ಟೆ ಕಿತ್ತ ಮೈ ಇದೆ. ಅವನ್ನು ನೋಡಿ ನಾವು ಅಸಹ್ಯ ಎನ್ನುವುದಿಲ್ಲ, ಮಂಡಿಯೂರುತ್ತೇವೆ.

ಶಿಲುಬೆಯ ಹಾದಿಯನ್ನು ನೋಡುವ ರೀತಿಯಲ್ಲೇ ಈ ಚಿತ್ರವನ್ನೂ ನೋಡಿ ಎಂಬುದು ನಮ್ಮ ಬೇಡಿಕೆ. ಶಿಲುಬೆಯ ಹಾದಿಯ ಮೊದಲ ಚಿತ್ರದಲ್ಲಿ ಒಳ್ಳೆಯ ಬಟ್ಟೆ ತೊಟ್ಟ ಒಬ್ಬ ಮನುಷ್ಯ ಕೈ ತೊಳೆಯುತ್ತಾ ಕೂತಿರುತ್ತಾನೆ. ಅವನ ಮೈಮೇಲೆ ಒಂದು ಹನಿ ರಕ್ತವಿಲ್ಲ. ಜಿನ್ ಓಣಿಯಲ್ಲೂ ಅಂಥವರು ಇದ್ದಾರೆ. ಬಿದ್ದವರನ್ನು ಬಿಟ್ಟು ಆ ಬೀದಿಯಲ್ಲಿ ನೆಟ್ಟಗೆ ನಿಂತವರು ಯಾರು ಎಂದು ಹುಡುಕಿ.

ಎಡಗಡೆ ಗಿರವಿ ಅಂಗಡಿಯವನಿದ್ದಾನೆ. ಬಡಗಿಯೊಬ್ಬ ತನ್ನ ಗರಗಸವನ್ನೂ ಕೋಟನ್ನೂ ಅವನಿಗೆ ಒಪ್ಪಿಸುತ್ತಿದ್ದಾನೆ. ಹೆಂಗಸೊಬ್ಬಳು ಅಡಿಗೆ ಪಾತ್ರೆ ಹಿಡಿದು ನಿಂತಿದ್ದಾಳೆ. ಗರಗಸ ಹೋದರೆ ನಾಳೆ ಕೆಲಸ ಹೋಯಿತು, ಪಾತ್ರೆ ಹೋದರೆ ನಾಳೆ ಒಲೆ ಆರಿತು. ಬಲಗಡೆ ಮದ್ಯ ಬಟ್ಟಿ ಇಳಿಸುವವನ ಅಂಗಡಿ, ಅದರ ಮುಂದೆ ಜನಜಾತ್ರೆ. ಇನ್ನೊಂದು ಕಡೆ ಶವಪೆಟ್ಟಿಗೆ ಮಾರುವವನ ಬೋರ್ಡು. ಉಳಿದ ಮನೆಗಳೆಲ್ಲ ಕುಸಿಯುತ್ತಿವೆ, ವ್ಯಾಪಾರ ಚೆನ್ನಾಗಿರುವುದು ಇವರು ಮೂವರದೇ.

ಇನ್ನೂ ಇಬ್ಬರನ್ನು ನೋಡಿ. ಬಲಗಡೆ ಇಬ್ಬರು ಚಿಕ್ಕ ಹುಡುಗಿಯರು ಒಂದೊಂದು ಲೋಟ ಹಿಡಿದು ಜಿನ್ ಕುಡಿಯುತ್ತಿದ್ದಾರೆ. ಒಬ್ಬಳ ತೋಳಿನ ಮೇಲೆ ಸಂತ ಗೈಲ್ಸರ ಧರ್ಮಕೇಂದ್ರದ ಗುರುತು ಇದೆ. ಎಂದರೆ ಅವರು ಧರ್ಮಕೇಂದ್ರ ಸಾಕಬೇಕಾಗಿದ್ದ ಮಕ್ಕಳು. ಹಾಗಾದರೆ ಚರ್ಚ್ ಎಲ್ಲಿ? ದೂರದಲ್ಲಿ, ಮನೆಗಳ ಹಿಂದೆ, ಸಣ್ಣದಾಗಿ ಒಂದು ಗೋಪುರ ಕಾಣುತ್ತದೆ. ಅದು ಬ್ಲೂಮ್ಸ್‌ಬರಿಯ ಸಂತ ಜಾರ್ಜರ ದೇವಾಲಯ. ಅದರ ತುದಿಯಲ್ಲಿ ಇರುವುದು ರಾಜ ಒಂದನೇ ಜಾರ್ಜನ ಪ್ರತಿಮೆ. ಈ ಚಿತ್ರದಲ್ಲಿ ನಮ್ಮನ್ನು ಕೆಣಕಬೇಕಾದದ್ದು ಆ ತಾಯಿಯ ಹುಣ್ಣಲ್ಲ, ಈ ದೂರ.

ಈಗ ಎರಡನೇ ದೂರು: ಬಿದ್ದವರನ್ನು ನೋಡಿ ನಗುವುದು. ಇದರಲ್ಲಿ ಸತ್ಯವಿದೆ, ಒಪ್ಪುತ್ತೇವೆ. ಒಪ್ಪುವ ಮೊದಲು ಈ ಚಿತ್ರ ಹೇಗೆ ತಯಾರಾಗಿ ಯಾರ ಕೈ ಸೇರುತ್ತಿತ್ತು ಎಂದು ತಿಳಿಯಬೇಕು.

ವಿಜ್ಞಾನ ಓದಿದ ನಮ್ಮಂಥವರಿಗೆ ಇದು ಸುಲಭ. ತಾಮ್ರದ ತಗಡಿಗೆ ಮೇಣ ಬಳಿಯುತ್ತಾರೆ. ಸೂಜಿಯಿಂದ ಮೇಣವನ್ನು ಗೀರಿ ಚಿತ್ರ ಬರೆಯುತ್ತಾರೆ. ಆಮೇಲೆ ನೈಟ್ರಿಕ್ ಆಮ್ಲ ಹಾಕುತ್ತಾರೆ. ಮೇಣ ಇರುವ ಕಡೆ ಆಮ್ಲ ಮುಟ್ಟುವುದಿಲ್ಲ, ಗೀರಿದ ಕಡೆ ತಾಮ್ರವನ್ನು ತಿನ್ನುತ್ತದೆ. ಇನ್ನೂ ಆಳ ಬೇಕಾದ ಗೆರೆಗಳನ್ನು ಉಳಿಯಿಂದ ಕೊರೆಯುತ್ತಾರೆ. ತಗಡಿನ ತುಂಬ ಶಾಯಿ ತಿಕ್ಕಿ, ಮೇಲ್ಮೈಯನ್ನು ಒರೆಸಿ, ಒದ್ದೆ ಕಾಗದ ಇಟ್ಟು ಉರುಳೆಗಳ ನಡುವೆ ಒತ್ತಿದರೆ ಗೆರೆಗಳಲ್ಲಿ ಉಳಿದ ಶಾಯಿ ಕಾಗದಕ್ಕೆ ಬರುತ್ತದೆ. ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಒಂದೇ ತಗಡಿನಿಂದ ನೂರಾರು ಪ್ರತಿ ತೆಗೆಯಬಹುದು. ಅರಮನೆಯ ಗೋಡೆಗೆ ಮಾತ್ರ ಇದ್ದ ಚಿತ್ರ ಹೀಗೆ ಅಂಗಡಿಯ ಕಿಟಕಿಗೆ, ಕಾಫಿ ಮನೆಗೆ ಬಂತು.

ಜಿನ್ ಓಣಿಯ ಬೆಲೆ ಒಂದು ಶಿಲ್ಲಿಂಗ್. ಜನರಿಗೆ ಉಪಯೋಗವಾಗಲಿ ಎಂದು ಆದಷ್ಟು ಅಗ್ಗವಾಗಿ ಕೊಡುತ್ತಿದ್ದೇನೆ ಎಂದು ಹೋಗಾರ್ತ್ ಪ್ರಕಟಣೆಯನ್ನೂ ಕೊಟ್ಟ. ಆದರೆ ಒಂದು ಶಿಲ್ಲಿಂಗ್ ಎಂದರೆ ಹನ್ನೆರಡು ಪೆನ್ನಿ. ಅದೇ ಚಿತ್ರದಲ್ಲಿ ನೆಲಮಾಳಿಗೆಯ ಬಾಗಿಲ ಮೇಲಿನ ಬೋರ್ಡಿನ ಪ್ರಕಾರ ಎರಡು ಪೆನ್ನಿ ಕೊಟ್ಟರೆ ಮೈಮೇಲೆ ಪ್ರಜ್ಞೆ ಇಲ್ಲದಷ್ಟು ಕುಡಿಯಬಹುದು. ಲೆಕ್ಕ ಹಾಕಿ: ಒಂದು ಚಿತ್ರದ ದುಡ್ಡಿಗೆ ಆರು ಸಲ ಎಚ್ಚರ ತಪ್ಪಬಹುದು. ಆ ಮೆಟ್ಟಿಲ ಮೇಲಿನ ತಾಯಿ ಈ ಚಿತ್ರ ಕೊಳ್ಳಲಿಲ್ಲ. ಕೊಂಡವರು ಉಂಡು ಉಟ್ಟು ಸುಖವಾಗಿದ್ದವರು.

ಅಲ್ಲೇ ಅಪಾಯ. ಉಂಡವರು ಬಡವರ ಕುಡಿತದ ಚಿತ್ರವನ್ನು ಮನೆಯಲ್ಲಿ ತೂಗುಹಾಕಿಕೊಂಡು "ಎಂಥ ಜನ!" ಎಂದು ನಗಬಹುದು. ಹೋಗಾರ್ತ್ ಅದಕ್ಕೆ ಸ್ವಲ್ಪ ಅವಕಾಶವನ್ನೂ ಕೊಟ್ಟ. ಜಿನ್ ಓಣಿಯ ಜೊತೆಗೇ 'ಬಿಯರ್ ಸ್ಟ್ರೀಟ್' ಎಂಬ ಜೋಡಿ ಚಿತ್ರವನ್ನೂ ತಂದ. ಅಲ್ಲಿ ಬಿಯರ್ ಕುಡಿಯುವವರೆಲ್ಲ ದುಂಡಗೆ, ಕೆಂಪಗೆ, ಖುಷಿಯಾಗಿದ್ದಾರೆ. ಗಿರವಿ ಅಂಗಡಿಯೇ ಬೀಳುವ ಸ್ಥಿತಿಯಲ್ಲಿದೆ. ಬಿಯರ್ ದೇಶದ ಒಳ್ಳೆಯ ಪಾನೀಯ, ಜಿನ್ ಕೆಟ್ಟದ್ದು ಎಂಬ ವಾದ ಅದು. ಸಮಸ್ಯೆಯ ಬೇರು ಅಷ್ಟು ಸರಳವಾಗಿರಲಿಲ್ಲ. 1690ರಲ್ಲಿ ಇಂಗ್ಲೆಂಡಿನ ಸಂಸತ್ತೇ ದೇಶದ ಧಾನ್ಯದಿಂದ ಮದ್ಯ ಬಟ್ಟಿ ಇಳಿಸಲು ಉತ್ತೇಜನ ಕೊಡುವ ಕಾನೂನು ಮಾಡಿತ್ತು. ಧಾನ್ಯ ಬೆಳೆಸುವ ಜಮೀನುದಾರರಿಗೆ ಅದರಿಂದ ಮಾರುಕಟ್ಟೆ ಸಿಕ್ಕಿತು, ಸರ್ಕಾರಕ್ಕೆ ತೆರಿಗೆ ಬಂತು. ಕುಡಿತ ಮಿತಿ ಮೀರಿದ ಮೇಲೆ 1736ರಲ್ಲಿ ಮಾರಾಟದ ಪರವಾನಗಿಗೆ 50 ಪೌಂಡ್ ಶುಲ್ಕ ಹಾಕಿದರು. ಗಲಭೆಯಾಯಿತು, ಕದ್ದು ಮಾರುವುದು ಹೆಚ್ಚಿತು, 1743ರಲ್ಲಿ ಆ ಕಾನೂನನ್ನು ಬಿಡಬೇಕಾಯಿತು. ಜಿನ್ ಓಣಿ ಬಂದ 1751ರಲ್ಲೇ ಇನ್ನೊಂದು ಕಾನೂನು ಬಂದು ಬಟ್ಟಿಗಾರರು ಚಿಲ್ಲರೆಯಾಗಿ ಮಾರುವುದನ್ನು ತಡೆಯಿತು. ಮಾರುವವನ ಕೈ ಹಿಡಿದ ಮೇಲೆ, ಧಾನ್ಯದ ಬೆಲೆಯೂ ಏರಿದ ಮೇಲೆ ಜಿನ್ ಹಾವಳಿ ಇಳಿಯಿತು.

ಹಾಗಾಗಿ ಬಿದ್ದವರನ್ನು ನೋಡಿ ನಗಬೇಡಿ ಎಂಬ ಹಿರಿಯರ ಮಾತನ್ನು ನಾವು ತಲೆಬಾಗಿ ಒಪ್ಪುತ್ತೇವೆ. ಆದರೆ ಅದಕ್ಕೆ ಮದ್ದು ಚಿತ್ರ ಕಿತ್ತುಹಾಕುವುದಲ್ಲ, ನಗುವನ್ನು ತಿರುಗಿಸುವುದು. ಹೋಗಾರ್ತ್ ಹಾಗೆ ತಿರುಗಿಸಿದವನೂ ಹೌದು. 1733ರಲ್ಲಿ ಅವನು 'ಎ ಮಿಡ್‌ನೈಟ್ ಮಾಡರ್ನ್ ಕಾನ್ವರ್ಸೇಶನ್' ಎಂಬ ಚಿತ್ರ ತಂದ. ಅದರಲ್ಲಿ ಮಧ್ಯರಾತ್ರಿ ದಾಟಿದರೂ ಏಳದೆ ಕುಡಿಯುತ್ತಿರುವವರು ಮರ್ಯಾದಸ್ಥರು. ಮದ್ಯದ ದೊಡ್ಡ ಬೋಗುಣಿಯ ಹತ್ತಿರ ಸೌಟು ಹಿಡಿದು ಕೂತಿರುವವನು ಒಬ್ಬ ಪಾದ್ರಿ! ಆ ಚಿತ್ರ ಎಷ್ಟು ಜನಪ್ರಿಯವಾಯಿತೆಂದರೆ ಅದನ್ನೇ ಮದ್ಯದ ಬೋಗುಣಿಗಳ ಮೇಲೆ, ಲೋಟಗಳ ಮೇಲೆ ಅಲಂಕಾರಕ್ಕೆಂದು ಬರೆಸಿಕೊಂಡರು. ಕುಡುಕರನ್ನು ಅಣಕಿಸಿದ ಚಿತ್ರವನ್ನು ನೋಡುತ್ತಾ, ನಗುತ್ತಾ, ಅದೇ ಬೋಗುಣಿಯಿಂದ ಮೊಗೆದು ಕುಡಿದರು. ಅದರಲ್ಲಿ ಇರುವವನು ಪಕ್ಕದವನು ಎಂದೇ ಎಲ್ಲರೂ ಅಂದುಕೊಂಡಿರಬೇಕು.

ದಾವೀದರಾಜನೂ ಹಾಗೆಯೇ ಅಂದುಕೊಂಡ. ಸಮುವೇಲನ ಎರಡನೇ ಗ್ರಂಥದ 12ನೇ ಅಧ್ಯಾಯ ತೆಗೆಯಿರಿ. ಪ್ರವಾದಿ ನಾತಾನ ಒಂದು ಕಥೆ ಹೇಳುತ್ತಾನೆ: ದನಕುರಿ ತುಂಬಿದ್ದ ಶ್ರೀಮಂತನೊಬ್ಬ ಅತಿಥಿಗೆ ಊಟ ಹಾಕಲು ಬಡವನ ಒಂದೇ ಒಂದು ಕುರಿಮರಿಯನ್ನು ಹಿಡಿದು ತಂದ. ದಾವೀದನಿಗೆ ಉರಿದುಹೋಯಿತು, ಅಂಥವನು ಸಾಯಬೇಕು ಎಂದ. ಆಗ ನಾತಾನ ಬೆರಳು ತೋರಿಸಿದ್ದು ರಾಜನ ಕಡೆಗೇ. ವಿಡಂಬನೆ ಕ್ರೈಸ್ತರದಲ್ಲ ಎನ್ನುವವರು ನಾತಾನನನ್ನು ಎಲ್ಲಿ ಕೂರಿಸುತ್ತಾರೆ? ದಾವೀದ ದೊಡ್ಡವನಾದದ್ದು ಆ ಬೆರಳನ್ನು ಒಪ್ಪಿಕೊಂಡು ಪಶ್ಚಾತ್ತಾಪಪಟ್ಟದ್ದರಿಂದ. ಕಥೆ ಚೆನ್ನಾಗಿಲ್ಲ, ಅರಮನೆಯಲ್ಲಿ ಹೇಳಬಾರದು ಎಂದು ಅವನು ನಾತಾನನನ್ನು ಹೊರಗಟ್ಟಲಿಲ್ಲ.

ಈಗ ಮೂರನೇ ದೂರು. ನಮ್ಮ ದುಡ್ಡು, ನಮ್ಮ ಸಮಾರಂಭ.

ಅದಕ್ಕೇ ಜಿನ್ ಓಣಿಯ ಪಕ್ಕದಲ್ಲಿ ಇನ್ನೊಂದು ಚಿತ್ರ ಹಾಕಿದ್ದೇವೆ. ಅದು ಹೋಗಾರ್ತ್‌ನ 'ಎ ರೇಕ್ಸ್ ಪ್ರೋಗ್ರೆಸ್' ಎಂಬ ಎಂಟು ಚಿತ್ರಗಳ ಕಥೆಯಲ್ಲಿ ಐದನೆಯದು, 1735ರದ್ದು. ಅಪ್ಪ ಜಿಪುಣತನದಿಂದ ಕೂಡಿಟ್ಟ ಹಣ ಟಾಮ್ ರೇಕ್‌ವೆಲ್ ಎಂಬ ಹುಡುಗನ ಕೈಗೆ ಬರುತ್ತದೆ. ಬಟ್ಟೆ, ಸಂಗೀತದವರು, ಕುಡಿತ, ಜೂಜು. ಕೊನೆಗೆ ಸಾಲಗಾರರ ಜೈಲು, ಆಮೇಲೆ ಹುಚ್ಚಾಸ್ಪತ್ರೆ. ಆ ಜೈಲು ಹೋಗಾರ್ತ್‌ಗೆ ಕೇಳಿ ತಿಳಿದ ಜಾಗವಲ್ಲ. ಅವನ ಅಪ್ಪ ಸಾಲ ತೀರಿಸಲಾಗದೆ ಅದೇ ಫ್ಲೀಟ್ ಜೈಲಿನಲ್ಲಿದ್ದವರು. ಐದನೇ ಚಿತ್ರದಲ್ಲಿ ಟಾಮ್ ಹಣಕ್ಕಾಗಿ ಒಬ್ಬ ಮುದಿ ಶ್ರೀಮಂತೆಯನ್ನು ಚರ್ಚಿನಲ್ಲಿ ಮದುವೆಯಾಗುತ್ತಿದ್ದಾನೆ. ಗೋಡೆಯ ಮೇಲಿನ ಹತ್ತು ಕಟ್ಟಳೆಗಳ ಫಲಕ ಬಿರುಕು ಬಿಟ್ಟಿದೆ. ಬಡವರಿಗಾಗಿ ಇಟ್ಟ ಕಾಣಿಕೆ ಪೆಟ್ಟಿಗೆಯ ಬಾಯಿಗೆ ಜೇಡ ಬಲೆ ಕಟ್ಟಿದೆ.

ಆ ಜೇಡರ ಬಲೆಯ ಮುಂದೆ ನಾವು ಬಹಳ ಹೊತ್ತು ನಿಂತೆವು. ಬಲೆ ಕಟ್ಟಬೇಕಾದರೆ ಎಷ್ಟು ದಿನ ಯಾರೂ ಕೈ ಹಾಕಿರಬಾರದು! ಮದುವೆ ನಡೆಯುತ್ತಿದೆ, ಬಟ್ಟೆ ಮಿಂಚುತ್ತಿದೆ, ಪೆಟ್ಟಿಗೆ ಅಲ್ಲೇ ಇದೆ.

ನಮ್ಮ ದೇವಾಲಯದ ಬಾಗಿಲಲ್ಲೂ ಬಡವರ ಪೆಟ್ಟಿಗೆ ಇದೆ. ಪ್ರಥಮ ಪರಮಪ್ರಸಾದಕ್ಕೆ ಮಗುವಿನ ಹೆಸರಿನ ಕಮಾನು, ಡ್ರೋನ್ ಕ್ಯಾಮರಾ, ಮೂರು ಬಗೆ ಬಿರಿಯಾನಿ, ಹಾಲಿನ ಹಿಂದೆ ಕಾರ್ ಡಿಕ್ಕಿಯಲ್ಲಿ ಬಾಟಲಿ. ಮಗು ಅಂದು ಸ್ವೀಕರಿಸಿದ್ದು ಒಂದು ತುಂಡು ರೊಟ್ಟಿಯ ರೂಪದಲ್ಲಿ ಬಂದ ದೇವರನ್ನು. ಮಧ್ಯಾಹ್ನದ ಹೊತ್ತಿಗೆ ಅದು ಯಾರಿಗೆ ನೆನಪಿರುತ್ತದೆ? ಉಳ್ಳವರು ಮಾಡಿದ್ದನ್ನು ಇಲ್ಲದವರೂ ಮಾಡಬೇಕಾಗುತ್ತದೆ. "ಅವರ ಮನೆಯಲ್ಲಿ ಹಾಗಾಯಿತು, ನಮ್ಮಲ್ಲಿ ಇಷ್ಟಾದರೂ ಬೇಡವೇ?" ಎಂಬ ಮಾತನ್ನು ನಮ್ಮ ಮನೆಗಳಲ್ಲೇ ಕೇಳಿದ್ದೇವೆ. ಆ ಮಾತಿನ ಮಾರನೇ ದಿನ ಅಮ್ಮನ ಓಲೆ, ಸರ ಗಿರವಿ ಅಂಗಡಿಗೆ ಹೋಗುತ್ತವೆ. ಬಂದ ಮುಯ್ಯಿ ಬಡ್ಡಿಗೂ ಸಾಲದು. ಲಂಡನ್ ಬಡಗಿ ಗರಗಸ ಇಟ್ಟ, ನಾವು ಓಲೆ ಇಡುತ್ತೇವೆ. ಗಿರವಿ ಅಂಗಡಿ ಮಾತ್ರ ಅಲ್ಲೂ ನೆಟ್ಟಗೆ ನಿಂತಿತ್ತು, ಇಲ್ಲೂ ನೆಟ್ಟಗೆ ನಿಂತಿದೆ. ಬಾಟಲಿಯ ಲಾಭದ ಲೆಕ್ಕವೂ ಅಷ್ಟೇ. ನಮ್ಮ ತಮಿಳುನಾಡಿನಲ್ಲಿ ಮದ್ಯದ ಚಿಲ್ಲರೆ ಅಂಗಡಿ ನಡೆಸುವುದು ಸರ್ಕಾರವೇ. ಕುಡಿದು ಬಿದ್ದವನನ್ನು ಬೈಯುವಾಗ ಇದನ್ನೂ ಮರೆಯಬಾರದು.

"ಕಾನಾ ಊರಿನ ಮದುವೆಯಲ್ಲಿ ಸ್ವಾಮಿಯೇ ದ್ರಾಕ್ಷಾರಸ ಮಾಡಿಕೊಡಲಿಲ್ಲವೇ?" ಎಂದು ಒಬ್ಬರು ಮಾಮ ಕೇಳಿದರು. ಕೊಟ್ಟರು ಮಾಮ. ದ್ರಾಕ್ಷಾರಸ ಮುಗಿದುಹೋಗಿ ಆ ಮನೆಯವರ ಮಾನ ಹೋಗುವುದರಲ್ಲಿತ್ತು, ಅದನ್ನು ಸ್ವಾಮಿ ಉಳಿಸಿದರು. ನಮ್ಮ ಪೈಪೋಟಿ ಪಕ್ಕದ ಮನೆಯವರ ಮಾನ ಕಳೆಯುತ್ತದೆ. ನಾವು ಸಂತೋಷಕ್ಕೆ ವಿರೋಧಿಗಳಲ್ಲ. ಊಟ ಹಾಕಿ, ಹಾಡಿ, ಕುಣಿಯಿರಿ, ನಾವೂ ಬರುತ್ತೇವೆ, ಬಡಿಸುತ್ತೇವೆ.

ಉಳಿದ ಎರಡು ಚಿತ್ರಗಳು ಹೋಗಾರ್ತ್‌ಗಿಂತ ಸುಮಾರು ಇನ್ನೂರು ವರ್ಷ ಹಿಂದಿನವು. ಪೀಟರ್ ಬ್ರೂಗೆಲ್ ಬರೆದ ಚಿತ್ರಗಳಿಂದ ಆಂಟ್‌ವರ್ಪ್ ನಗರದಲ್ಲಿ 1563ರಲ್ಲಿ ಅಚ್ಚಾದ ಜೋಡಿ: ಕೊಬ್ಬಿದ ಅಡಿಗೆಮನೆ, ಬಡಕಲು ಅಡಿಗೆಮನೆ. ಕೊಬ್ಬಿದ ಅಡಿಗೆಮನೆಯಲ್ಲಿ ಮನುಷ್ಯರ ಜೊತೆ ನಾಯಿಯೂ ಕೊಬ್ಬಿದೆ, ಮಾಂಸ ತೂಗುತ್ತಿದೆ. ಬಾಗಿಲಿಗೆ ಬಂದ ಬಡಕಲು ವಾದ್ಯಗಾರನನ್ನು ಒದ್ದು ಹೊರಗೆ ಹಾಕುತ್ತಿದ್ದಾರೆ. ಬಡಕಲು ಅಡಿಗೆಮನೆಯಲ್ಲಿ ತಿನ್ನಲು ಹೆಚ್ಚೇನೂ ಇಲ್ಲ. ಆದರೂ ಬಾಗಿಲಿಗೆ ಬಂದ ದಪ್ಪ ಮನುಷ್ಯನನ್ನು ಒಳಗೆ ಬಾ ಎಂದು ಎಳೆಯುತ್ತಿದ್ದಾರೆ, ಅವನೇ ಹೆದರಿ ಓಡುತ್ತಿದ್ದಾನೆ. ಲೂಕನ ಶುಭಸಂದೇಶದ 16ನೇ ಅಧ್ಯಾಯದ ಶ್ರೀಮಂತನೂ ಲಾಸರನೂ ಇದನ್ನೇ ಹೇಳುವುದಿಲ್ಲವೇ? ಆ ಶ್ರೀಮಂತ ಲಾಸರನನ್ನು ಹೊಡೆದ ಎಂದು ಅಲ್ಲಿ ಬರೆದಿಲ್ಲ. ಅವನ ಹಣವನ್ನು ಕದ್ದ ಎಂದೂ ಇಲ್ಲ. ಅವನೂ "ನನ್ನ ದುಡ್ಡು, ನನ್ನ ಊಟ" ಎಂದೇ ಹೇಳಬಹುದಿತ್ತು. ಲಾಸರ ಅವನ ಬಾಗಿಲಲ್ಲೇ ಬಿದ್ದಿದ್ದ, ಅಷ್ಟೇ. ಅಷ್ಟು ಸಾಕಾಯಿತು.

ಬೆರಳು ಹಿರಿಯರ ಕಡೆಗೆ ಮಾತ್ರ ತೋರಿಸಿದರೆ ನಾವೂ ಆ ಬೋಗುಣಿಯಿಂದ ಕುಡಿದವರೇ ಆಗುತ್ತೇವೆ. ಹೋದ ವರ್ಷ ಊರ ಹಬ್ಬಕ್ಕೆ ನಮ್ಮ ಸಂಘದವರು ಎತ್ತಿದ ಹಣದಲ್ಲಿ ದೊಡ್ಡ ಭಾಗ ಹೋದದ್ದು ನಮ್ಮದೇ ಮುಖಗಳಿದ್ದ ಫ್ಲೆಕ್ಸಿಗೆ, ಒಂದೇ ದಿನ ತೊಟ್ಟ ಟೀ ಶರ್ಟಿಗೆ, ಡಿಜೆಗೆ. ಮಾತೆಯ ತೇರಿಗಿಂತ ನಮ್ಮ ಫ್ಲೆಕ್ಸೇ ಎತ್ತರವಾಗಿತ್ತು. ಆ ವಾರ ಬಡವರ ಪೆಟ್ಟಿಗೆಗೆ ಸಂಘದಿಂದ ಏನೂ ಹೋಗಲಿಲ್ಲ. ಹೋಗಾರ್ತ್ ನಮ್ಮ ಹಬ್ಬಕ್ಕೆ ಬಂದಿದ್ದರೆ ಮೊದಲು ಬರೆಯುತ್ತಿದ್ದುದು ನಮ್ಮ ಆ ಫ್ಲೆಕ್ಸನ್ನೇ.

ಅವನು ಅಣಕಿಸಿ ಸುಮ್ಮನಾದವನೂ ಅಲ್ಲ. ಲಂಡನ್‌ನಲ್ಲಿ ಬೀದಿಗೆ ಎಸೆದ ಕೂಸುಗಳಿಗಾಗಿ ಥಾಮಸ್ ಕೋರಮ್ ಎಂಬ ನಾವಿಕ ಒಂದು ಆಸರೆ ಕಟ್ಟಿದಾಗ, 1739ರಲ್ಲಿ ಅದರ ಮೊದಲ ಆಡಳಿತಗಾರರಲ್ಲಿ ಹೋಗಾರ್ತ್ ಒಬ್ಬನಾಗಿದ್ದ. ತನ್ನ ಚಿತ್ರ ಕೊಟ್ಟ. ಮಕ್ಕಳಿಲ್ಲದ ಅವನೂ ಹೆಂಡತಿ ಜೇನ್‌ಳೂ ಆ ಮಕ್ಕಳಲ್ಲಿ ಕೆಲವರನ್ನು ಮನೆಗೆ ತಂದು ಸಾಕಿದರು. ಮೆಟ್ಟಿಲಿಂದ ಬೀಳುವ ಮಗುವನ್ನು ಬರೆದವನು ಬಿದ್ದ ಮಕ್ಕಳನ್ನು ಎತ್ತಿಕೊಂಡವನೂ ಹೌದು. ಆದ್ದರಿಂದ ಅವನ ಅಣಕಕ್ಕೆ ನಾವು ಕಿವಿಗೊಡುತ್ತೇವೆ.

ಹಾಗಾಗಿ ನಮ್ಮ ಸಂಘ ತೀರ್ಮಾನಿಸಿದ್ದು ಇಷ್ಟು. ಈ ಸಲದ ಹಬ್ಬಕ್ಕೆ ನಮ್ಮ ಫ್ಲೆಕ್ಸ್ ಇಲ್ಲ, ಟೀ ಶರ್ಟ್ ಇಲ್ಲ, ಡಿಜೆ ಇಲ್ಲ. ಆ ಹಣ ಬಡವರ ಪೆಟ್ಟಿಗೆಗೆ ಹೋಗುತ್ತದೆ, ಲೆಕ್ಕವನ್ನು ಅದೇ ನೋಟಿಸ್ ಬೋರ್ಡಿನಲ್ಲಿ ಹಾಕುತ್ತೇವೆ. ಇನ್ನು ಹಿರಿಯರಲ್ಲಿ, ಪಾಲನಾ ಸಮಿತಿಯಲ್ಲಿ ನಮ್ಮ ಕೋರಿಕೆ ಎರಡು. ಚರ್ಚ್ ಹಾಲಿನಲ್ಲಿಯೂ ಅದರ ಆವರಣದಲ್ಲಿಯೂ ಮದ್ಯ ಬೇಡ, ಕಾರ್ ಡಿಕ್ಕಿಯೂ ಆವರಣದೊಳಗೇ ಸೇರುತ್ತದೆ ಎಂದು ಸ್ಪಷ್ಟವಾಗಿ ಬರೆಯಿರಿ. ಪ್ರಥಮ ಪರಮಪ್ರಸಾದದ ಮಕ್ಕಳಿಗೆಲ್ಲ ಸೇರಿ ಒಂದೇ ಊಟ ಇಡಿ, ಎಲ್ಲರಿಗೂ ಒಂದೇ ಸಾಲು, ಒಂದೇ ಎಲೆ. ಅಡಿಗೆಗೂ ಬಡಿಸುವುದಕ್ಕೂ ನಾವಿದ್ದೇವೆ.

ಚಿತ್ರಗಳನ್ನು ಶುಭ ಶುಕ್ರವಾರದವರೆಗೆ ಅಲ್ಲೇ ಬಿಡಿ ಎಂದು ಕೈಮುಗಿದು ಕೇಳುತ್ತೇವೆ. ಪೂಜೆ ಮುಗಿಸಿ ಹೊರಗೆ ಬರುವಾಗ ಒಂದು ನಿಮಿಷ ನಿಂತು ನೋಡಿ. ಹಾಗೆಯೇ ಬಾಗಿಲ ಹತ್ತಿರದ ಪೆಟ್ಟಿಗೆಯನ್ನೂ ನೋಡಿ. ಈ ಬರಹ ಬರೆಯುವ ಮೊದಲು ನಾವೂ ಹೋಗಿ ನೋಡಿದೆವು. ಬಾಯಿಯ ಒಂದು ಮೂಲೆಯಲ್ಲಿ ಸಣ್ಣ ಬಲೆ ಇತ್ತು. ನಾವು ಅದನ್ನು ಒರೆಸಲಿಲ್ಲ. ಕಾಸು ಹಾಕುವ ಕೈಯೇ ಅದನ್ನು ಹರಿಯಲಿ ಎಂದು ಬಿಟ್ಟಿದ್ದೇವೆ.

ಕ್ರಿಸ್ತನಲ್ಲಿ ನಿಮ್ಮ ಮಕ್ಕಳು,
ಯುವಜನ ಸಂಘ